ಬಾಡಿಗೆ ಅಶೋಕ

ನಮ್ಮ ಸೀಮೆಯಲ್ಲಿ ಬಾಡಿಗೆಗೆ ಸಿಗುವುದು ಒಬ್ಬನೇ ರಾಜ. ನೃಪತುಂಗನ ವೇಷ ಬೇಕೆಂದು ಯಾವ ಡ್ರೆಸ್ ಅಂಗಡಿಗಾದರೂ ಹೋಗಿ ನೋಡಿ. ಕೆಂಪು ಮಖಮಲ್ಲಿನ ನಿಲುವಂಗಿ, ಚಮಕಿ ಹಚ್ಚಿದ ಸೊಂಟಪಟ್ಟಿ, ತಗಡಿನ ಕಿರೀಟ, ಎರಡೂ ಕಿವಿಗೆ ಸಿಕ್ಕಿಸುವ ಕರಿ ಗಡ್ಡ, ಇಷ್ಟನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಕೊಡುತ್ತಾರೆ. ಕೃಷ್ಣದೇವರಾಯ ಬೇಕೆಂದರೂ ಅದೇ ಚೀಲ. ಪುಲಿಕೇಶಿಗೂ ಅದೇ, ಅಶೋಕನಿಗೂ ಅದೇ. ದಶರಥನಾದರೆ ಗಡ್ಡ ಮಾತ್ರ ಬಿಳಿದು. ನೃಪತುಂಗನ ರಾಷ್ಟ್ರಕೂಟ ರಾಜಧಾನಿ ಮಳಖೇಡ ನಮ್ಮ ಸೇಡಂ ತಾಲೂಕಿನಲ್ಲೇ ಇದೆ, ಕಾಗಿಣಾ ದಂಡೆಯ ಮೇಲೆ ಕೋಟೆಯ ಗೋಡೆ ಇನ್ನೂ ನಿಂತಿದೆ. ಆದರೂ ನಮ್ಮ ದೊರೆಗೆ ತನ್ನದೇ ಅನ್ನುವ ಒಂದು ಜೊತೆ ಬಟ್ಟೆ ಇಲ್ಲ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಹಾಗಾಗಿ ಈ ಮಖಮಲ್ಲಿನ ರಾಜನ ಜೊತೆ ನನ್ನ ಪರಿಚಯ ಹಳೆಯದು. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಲಘು ಸಂಗೀತ, ಅಭಿನಯ ಗೀತೆ, ಕ್ಲೇ ಮಾಡೆಲಿಂಗ್ ಇವುಗಳ ಜೊತೆ ಛದ್ಮವೇಷವೂ ಒಂದು ಸ್ಪರ್ಧೆ. ಶಾಲೆಯಲ್ಲಿ ಗೆದ್ದವರು ಕ್ಲಸ್ಟರಿಗೆ, ಅಲ್ಲಿಂದ ತಾಲೂಕಿಗೆ, ಜಿಲ್ಲೆಗೆ, ದೈವ ಒಲಿದರೆ ರಾಜ್ಯಕ್ಕೆ. ಕಂಠಪಾಠಕ್ಕೆ ಹುಡುಗ ಒಬ್ಬನೇ ಬರುತ್ತಾನೆ. ಛದ್ಮವೇಷಕ್ಕೆ ಮನೆಮಂದಿಯೆಲ್ಲ ಬರುತ್ತಾರೆ. ಅವ್ವ ಸುಣ್ಣ-ಕುಂಕುಮದ ಡಬ್ಬಿ ಹಿಡಿದು, ಅಪ್ಪ ಮೊಬೈಲ್ ಹಿಡಿದು, ಮುತ್ಯಾ ತನ್ನ ಕನ್ನಡಕ ಹುಡುಕುತ್ತ. ಕನ್ನಡಕ ಆಗಲೇ ವಿಶ್ವೇಶ್ವರಯ್ಯನವರ ಮೂಗಿನ ಮೇಲೆ ಇರುತ್ತದೆ. ನಿರ್ಣಾಯಕರ ಕುರ್ಚಿಯ ಮೇಲೆ ಕೂತು ಇದನ್ನು ನೋಡುವುದು ಒಂದು ಭಾಗ್ಯ. ಫಲಿತಾಂಶ ಹೇಳಿದ ಮೇಲೆ ಅದೇ ಕುರ್ಚಿಯ ಮೇಲೆ ಕೂತಿರುವುದು ಬೇರೆ ಮಾತು.

ನನ್ನ ಮಗಳು ಓದುವುದು ಖಾಸಗಿ ಶಾಲೆಯಲ್ಲಿ. ಸರ್ಕಾರಿ ಟೀಚರ್ ಮಗಳು ಅಲ್ಲಿ ಯಾಕೆ ಎಂದು ಕೇಳಬೇಡಿ, ಅದಕ್ಕೆ ಬೇರೆ ಪ್ರಬಂಧವೇ ಬೇಕು. ಅಲ್ಲಿಯಂತೂ ವೇಷಕ್ಕೆ ಋತುವೇ ಇಲ್ಲ. ಕೃಷ್ಣಾಷ್ಟಮಿ, ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಗಾಂಧಿ ಜಯಂತಿ, ನವೆಂಬರ್ 1, ನವೆಂಬರ್ 14, ಆಮೇಲೆ ಗ್ಯಾದರಿಂಗು. ಇವುಗಳಲ್ಲಿ ಅಗ್ಗದ್ದು ಸೆಪ್ಟೆಂಬರ್ 17. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನವಾದ್ದರಿಂದ ಸರ್ದಾರ್ ಪಟೇಲರು ಬೇಕಾಗುತ್ತಾರೆ, ಮತ್ತು ಪಟೇಲರಿಗೆ ಒಂದು ಧೋತರ, ಒಂದು ಶಾಲು ಸಾಕು. ಆ ದಿನ ಒಂದೇ ತರಗತಿಯಲ್ಲಿ ಏಳೆಂಟು ಪಟೇಲರು ಸಾಲಾಗಿ ನಿಂತಿರುವುದುಂಟು. ಗಾಂಧಿಯೂ ಅಗ್ಗವೇ, ತಲೆಯೊಂದು ಅಡ್ಡಿ. ಆದರೆ ಆಗಷ್ಟೇ ಕುಲದೇವರಿಗೆ ಹೋಗಿ ಜವಳ ತೆಗೆಸಿಕೊಂಡು ಬಂದ ಹುಡುಗ ಓಣಿಯಲ್ಲಿದ್ದರೆ ಅವನ ಅವ್ವ ಅಕ್ಟೋಬರ್ 2ಕ್ಕೆ ಗೆದ್ದಂತೆಯೇ.

ವೇಷದ ಸುದ್ದಿ ಪಾಲಕರ ವಾಟ್ಸಾಪ್ ಗ್ರೂಪಿಗೆ ಬೀಳುವುದು ರಾತ್ರಿ ಊಟದ ಹೊತ್ತಿಗೆ. ಮೊದಲು ಎಲ್ಲರೂ ಹೆಬ್ಬೆಟ್ಟು ಎತ್ತಿದ ಚಿತ್ರ ಹಾಕುತ್ತಾರೆ. ಆಮೇಲೆ ಗ್ರೂಪು ತಣ್ಣಗಾಗಿ ಖಾಸಗಿ ಫೋನುಗಳು ಶುರುವಾಗುತ್ತವೆ.

“ನಿಮ್ಮಾಕಿಗಿ ಏನ್ ಮಾಡ್ಲತ್ತೀರಿ ಟೀಚರ್?”

“ಇನ್ನಾ ಏನೂ ಇಲ್ರಿ. ನಿಮ್ದು?”

“ನಮ್ದೇನ್ ಬಿಡ್ರಿ, ಮನ್ಯಾಗ ಇದ್ದಿದ್ದೇ ಸುತ್ತಿ ಕಳಸ್ತೀವಿ.”

ಹೀಗೆ ಹೇಳಿದವರ ಮನೆಗೆ ಕೊರಿಯರ್ ಹುಡುಗ ಮೂರು ದಿನದ ಹಿಂದೆಯೇ ಬಂದು ಹೋಗಿರುತ್ತಾನೆ. ನಾನು “ಏನೂ ಇಲ್ರಿ” ಅಂದದ್ದೂ ಪೂರ್ತಿ ನಿಜವಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ಮದುವೆ ಮಾತುಕತೆಯಲ್ಲೂ ಇಷ್ಟು ಗುಟ್ಟು ಕಾಯುವುದಿಲ್ಲ ನಮ್ಮ ಜನ.

ಮರುದಿನ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಪಾಲಕರು ಎರಡು ಪಂಗಡವಾಗುತ್ತಾರೆ. ಅಂಗಡಿಯಿಂದ ತಂದವರು, ಮನೆಯಲ್ಲಿ ಮಾಡಿದವರು. ಅಂಗಡಿಯವರ ನೋಟ ಬಟ್ಟೆಯ ಮಿಂಚಿನ ಮೇಲೆ. ಮನೆಯವರು ಮಾತ್ರ ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ, ಕೇಳಿದ ಕೂಡಲೇ “ಎಲ್ಲಾ ಮನ್ಯಾಗೇ ಮಾಡೀನ್ರಿ, ರಾತ್ರಿ ಎರಡ್ ಗಂಟಿ ಆತು” ಅನ್ನುತ್ತಾರೆ. ಮನೆಯಲ್ಲಿ ಮಾಡಿದ್ದೇ ಶ್ರೇಷ್ಠ ಎಂದು ಪತ್ರಿಕೆಗಳಲ್ಲಿ ಬರೆಯುವವರು ಈ ಎರಡು ಗಂಟೆ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಟ್ಟು, ಸುನೇರಿ ಕಾಗದ, ಫೆವಿಕಾಲ್, ಒಂದು ಹೊಲಿಗೆ ಮಷೀನು, ಯೂಟ್ಯೂಬ್ ನೋಡಲು ಡೇಟಾ, ನೋಡುತ್ತ ಕೂರಲು ಪುರಸೊತ್ತು, ಇವೆಲ್ಲ ಇದ್ದವರ ಮನೆಯಲ್ಲಿ ಮಾತ್ರ ‘ಮನೆಯಲ್ಲಿ ಮಾಡಿದ’ ನವಿಲು ಹುಟ್ಟುತ್ತದೆ.

ಶಹಾಬಾದ ಕಡೆಯ ಒಬ್ಬ ತಾಯಿಯನ್ನು ಬಲ್ಲೆ. ಮನೆ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ದೇಶಕ್ಕೆಲ್ಲ ಗೊತ್ತು, ಅದನ್ನು ಎಬ್ಬಿಸುವ ಖಣಿಯಲ್ಲಿ ಆಕೆ ಕೆಲಸಕ್ಕೆ ಹೋಗುತ್ತಾಳೆ. ಕೈಬೆರಳ ತುದಿಗಳು ಕಲ್ಲಿನ ಪುಡಿಗೆ ಒಡೆದು ಸೂಜಿ ಹಿಡಿಯಲಾರದಂತಾಗಿವೆ. ಮಗಳಿಗೆ ಕಿತ್ತೂರು ಚೆನ್ನಮ್ಮನ ವೇಷ ಹೇಳಿ ಕಳಿಸಿದ ದಿನ ಆಕೆ ಬಸ್ ಹತ್ತಿ ಹೋಗಿ 300 ರೂಪಾಯಿ ಬಾಡಿಗೆ ಕೊಟ್ಟು ಚೀಲ ತಂದಳು. ಮೇಲೆ 500 ಅಡ್ವಾನ್ಸ್. ಒಂದು ದಿನದ ಕೂಲಿ ಹೋಯಿತಲ್ಲ ಎಂದು ನಾನು ಪೇಚಾಡಿದೆ. ಆಕೆ ನಕ್ಕಳು. “ಬಾಡಗಿ ಬಟ್ಟಿ ಇದ್ದದ್ದಕ್ಕೇ ನನ್ನ ಮರ್ಯಾದಿ ಉಳದದ ಟೀಚರ್. ಮನ್ಯಾಗ ಮಾಡ್ರಿ ಅಂದ್ರ ನಾ ಎಲ್ಲಿ ಹೋಗ್ಲಿ? ರೊಕ್ಕ ಕೊಟ್ರ ಸಾವ್ಕಾರನ ಮಗಳಿಗೂ ನನ್ನ ಮಗಳಿಗೂ ಒಂದೇ ಕಿರೀಟ.” ಈ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಹಾಗಾಗಿ ಬಾಡಿಗೆ ಅಂಗಡಿಯನ್ನು ಬಯ್ಯುವ ಕೆಲಸ ನನ್ನದಲ್ಲ.

ಅಲ್ಲದೆ ಬಾಡಿಗೆ ವೇಷ ನಮಗೆ ಹೊಸದೂ ಅಲ್ಲ. ಜಾತ್ರೆಗೆ ನಾಟಕ ಆಡುವ ಹಳ್ಳಿಯ ಹುಡುಗರು ಸೀನು, ಡ್ರೆಸ್ಸು, ಪೇಟಿ ಮಾಸ್ತರು, ಹೆಣ್ಣು ಪಾತ್ರದವರು ಎಲ್ಲವನ್ನೂ ಹೊರಗಿನಿಂದಲೇ ತರುತ್ತಿದ್ದರು. ಆ ಡ್ರೆಸ್ಸಿನ ಬೆವರು ವಾಸನೆಗೆ ಯಾರೂ ಮೂಗು ಮುರಿಯುತ್ತಿರಲಿಲ್ಲ. ಸುಯೋಧನ ಹಾಕಿಕೊಂಡ ಭುಜಕೀರ್ತಿ ನಿನ್ನೆ ಇನ್ನೊಂದು ಊರಿನ ಸುಯೋಧನನದು ಎಂದು ಎಲ್ಲರಿಗೂ ಗೊತ್ತು, ಅದರಿಂದ ಸುಯೋಧನನ ಗತ್ತಿಗೆ ಕುಂದೇನೂ ಬರುತ್ತಿರಲಿಲ್ಲ. ಆಗ ಬಾಡಿಗೆ ಕೊಡುತ್ತಿದ್ದುದು ಊರು, ಪಟ್ಟಿ ಎತ್ತಿ. ಈಗ ಒಬ್ಬೊಬ್ಬ ಅಪ್ಪ ಒಬ್ಬೊಬ್ಬ ಮಗನಿಗೆ ಕೊಡುತ್ತಾನೆ, ಪಕ್ಕದ ಅಪ್ಪನ ಕಡೆ ನೋಡುತ್ತ.

ಮೊಹರಂ ಹಬ್ಬದ್ದು ಇನ್ನೂ ಚೆಂದ. ನಮ್ಮ ಊರುಗಳಲ್ಲಿ ಹಿಂದೂ ಮನೆಯ ಮಕ್ಕಳೂ ಹರಕೆ ಹೊತ್ತು ಫಕೀರರಾಗುತ್ತಾರೆ. ಕೊರಳಿಗೆ ಕೆಂಪು ಲಾಡಿ, ಕೈಯಲ್ಲಿ ಜೋಳಿಗೆ. ಮನೆಯಲ್ಲಿ ಎಷ್ಟೇ ಇರಲಿ, ಫಕೀರನಾದವನು ನಾಲ್ಕು ಮನೆ ಬೇಡಿಯೇ ಬರಬೇಕು. ಹೊಲಮನೆ ಇದ್ದವರ ಮಗನೂ ಕೂಲಿಯವರ ಬಾಗಿಲಲ್ಲಿ ನಿಂತು ಜೋಳಿಗೆ ಒಡ್ಡುತ್ತಾನೆ. ಈ ವೇಷವನ್ನು ದುಡ್ಡಿರುವವರೂ ದುಡ್ಡಿನಿಂದ ಪೂರೈಸುವ ಹಾಗಿಲ್ಲ.

ಎದುರು ಮನೆಯ ಆಯಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆಯಿಯ ಮೊಮ್ಮಗಳು ಅಮೆರಿಕದಲ್ಲಿದ್ದಾಳೆ. ಅಕ್ಟೋಬರ್ 31ರ ಹ್ಯಾಲೋವೀನಿಗೆ ಅಲ್ಲಿ ಮಕ್ಕಳು ದೆವ್ವ, ಮಾಟಗಾತಿ, ಜೇಡ ಮನುಷ್ಯ ಹೀಗೆ ವೇಷ ಕಟ್ಟಿ ಮನೆಮನೆಗೆ ಹೋಗಿ ಚಾಕಲೇಟ್ ಕೇಳುತ್ತಾರೆಂದು ಆಕೆ ವಿಡಿಯೋ ಕರೆಯಲ್ಲಿ ವಿವರಿಸಿದಳು. ಆಯಿ ಪೂರ್ತಿ ಕೇಳಿ, “ಅಂದ್ರ ಹುಡುಗುರು ಫಕೀರ ಆಗ್ಯಾರ ಅನ್ನು!” ಅಂದಳು. ಮೊಮ್ಮಗಳ ಸಂಕಟ ಬೇರೆ ಇತ್ತು. ತಾನು ಅಂಗಡಿಯ ವೇಷ ತಂದರೆ ಪಕ್ಕದ ಮನೆಯಾಕೆ ವಾರಗಟ್ಟಲೆ ಕೂತು ಕೈಯಲ್ಲೇ ಡ್ರ್ಯಾಗನ್ ಹೊಲಿದಿದ್ದಾಳೆ, ಈಗ ತಾನು ಸೋಮಾರಿ ತಾಯಿಯಂತೆ ಕಾಣುತ್ತೇನೆ ಎಂದು. ಅಲ್ಲಿ ಅಂಗಡಿ ವೇಷದ ಕಥೆ ಹಳೆಯದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1937ರಲ್ಲಿ ಶುರುವಾದ ಬೆನ್ ಕೂಪರ್ ಕಂಪನಿ ಮುಖವಾಡ, ಮೇಲಂಗಿ ಎರಡನ್ನೂ ಒಂದು ರಟ್ಟಿನ ಡಬ್ಬಿಯಲ್ಲಿಟ್ಟು ಮಾರಿ ಹೆಸರಾಗಿತ್ತು. ನಮ್ಮ ಪ್ಲಾಸ್ಟಿಕ್ ಚೀಲದ ಅಜ್ಜ ಆ ಡಬ್ಬಿ. ಎಲ್ಲ ಕೇಳಿದ ಆಯಿಯ ಪರಿಹಾರ ಸರಳವಾಗಿತ್ತು: “ಬಾಜೂ ಮನ್ಯಾಕಿ ಹೊಲ್ದಾಳಲ್ಲ, ಹೋದ ವರ್ಷದ್ದು ಆಕಿ ಕಡಿಂದ ಇಸ್ಕೋ.” ಮೊಮ್ಮಗಳು ಹಾಗೆಲ್ಲ ಕೇಳಲಾಗುವುದಿಲ್ಲ ಅಂದಳು. ಅಷ್ಟು ದೂರ ಹೋಗಿ ಇರುವವರಿಗೆ ಒಂದು ಅಂಗಿ ಕೇಳುವಷ್ಟು ನೆರೆ ಇಲ್ಲದ ಮೇಲೆ ಏನು ಬಾಳೋ ಎಂದು ಆಯಿಗೆ ಅವತ್ತು ಊಟ ಸೇರಲಿಲ್ಲ.

ನಾನು ಹೇಳಬೇಕಾದ್ದು ಆಯಿಯೇ ಹೇಳಿಬಿಟ್ಟಳು. ನಾನು ಸಣ್ಣವಳಿದ್ದಾಗ ವೇಷ ಅಂಗಡಿಯದೂ ಆಗಿರಲಿಲ್ಲ, ಪೂರ್ತಿ ಮನೆಯದೂ ಆಗಿರಲಿಲ್ಲ. ಅದು ಓಣಿಯದು. ಅಕ್ಕಮಹಾದೇವಿ ಆಗಬೇಕೆಂದರೆ ಬಿಳಿ ಸೀರೆ ಕಾಕಾನ ಮನೆಯಿಂದ, ಲಿಂಗ ಹಿಡಿಯುವ ಕೈಗೆ ರುದ್ರಾಕ್ಷಿ ಸರ ಮಠದ ಸ್ವಾಮಿಗಳಿಂದ, ಉದ್ದ ಕೂದಲಿಗೆ ದಾರ ಹೊಸೆಯುವವರ ಮನೆಯ ಕರಿ ನೂಲು. ಪೊಲೀಸನಾಗಬೇಕಾದ ಹುಡುಗ ನಿಜವಾದ ಪೊಲೀಸರ ಮನೆಗೇ ಹೋಗಿ ಟೋಪಿ ಕೇಳುತ್ತಿದ್ದ, ಬೈಸಿಕೊಂಡು ಲಾಠಿ ಮಾತ್ರ ತರುತ್ತಿದ್ದ. ಡಾಕ್ಟರ್ ಆಗುವವನಿಗೆ ಕಾಂಪೌಂಡರ್ ಕಾಕಾನ ಹಳೆಯ ಸ್ಟೆತಾಸ್ಕೋಪು. ಕೊಟ್ಟವರೆಲ್ಲ ಆ ದಿನ ಶಾಲೆಗೆ ಬಂದು ತಮ್ಮ ಸಾಮಾನು ವೇದಿಕೆ ಮೇಲೆ ನಿಂತದ್ದನ್ನು ನೋಡಿ ಹೋಗುತ್ತಿದ್ದರು. ಬಹುಮಾನ ಬಂದರೆ ಓಣಿಗೇ ಬಂತು. ಬರದಿದ್ದರೆ ನಿರ್ಣಾಯಕರಿಗೆ ಓಣಿಯೇ ಬಯ್ಯುತ್ತಿತ್ತು, ಅವ್ವ ಒಬ್ಬಳೇ ಬಯ್ಯಬೇಕಾಗಿರಲಿಲ್ಲ. ಅಂಗಡಿ ಬಂದ ಮೇಲೆ ಕೇಳುವುದು ತಪ್ಪಿತು. ಕೇಳುವುದು ತಪ್ಪಿದ ಮೇಲೆ ಕೇಳುವುದೇ ಅವಮಾನವಾಯಿತು. ಈಗ ಮನೆಯಲ್ಲೇ ಮಾಡುವ ತಾಯಂದಿರೂ ಪಕ್ಕದ ಮನೆಯಿಂದ ಕತ್ತರಿ ಇಸಿದುಕೊಳ್ಳುವುದಿಲ್ಲ, ಆನ್‌ಲೈನಿನಲ್ಲಿ ತರಿಸುತ್ತಾರೆ.

ಅಶೋಕನ ಮಾತಿಗೆ ಬರುತ್ತೇನೆ. ಈ ರಾಜನ ವಿಷಯದಲ್ಲಿ ಚಿತ್ತಾಪುರ ತಾಲೂಕಿನವರಿಗೆ ನಾಲ್ಕು ಮಾತು ಹೆಚ್ಚು ಆಡುವ ಹಕ್ಕಿದೆ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು, ದೇವಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲು ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಆಮೇಲೆ ಅಲ್ಲೇ ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಅದರ ಒಂದು ಹಾಸುಗಲ್ಲಿನಲ್ಲಿ ರಾಜನೊಬ್ಬನ ಚಿತ್ರ, ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹ. ಹೆಸರು ಸಮೇತ ಅಶೋಕನ ಚಿತ್ರ ಸಿಕ್ಕ ಜಾಗ ನಮ್ಮದು. ಆ ಕಲ್ಲಿನ ಅಶೋಕನಿಗೆ ಮಖಮಲ್ಲು ಇಲ್ಲ, ನಿಲುವಂಗಿ ಇಲ್ಲ. ತಲೆಗೆ ಸುತ್ತಿದ ರುಮಾಲು, ಕಿವಿಯಲ್ಲಿ ದಪ್ಪ ಓಲೆ, ಕೊರಳಲ್ಲಿ ಹಾರ, ಸೊಂಟಕ್ಕೆ ಧೋತರ. ಪಕ್ಕದಲ್ಲಿ ರಾಣಿ, ಜೊತೆಗೆ ಕೊಡೆ, ಚಾಮರ ಹಿಡಿದ ಹೆಂಗಸರು.

ಒಂದು ಕ್ಲಸ್ಟರ್ ಸ್ಪರ್ಧೆಗೆ ಹಾಗೇ ಒಬ್ಬ ಅಶೋಕ ಬಂದ. ನಾಲ್ಕನೆಯ ಇಯತ್ತೆಯ ಹುಡುಗ, ಸಣಕಲ. ಮುತ್ಯಾನ ರುಮಾಲು ತಲೆಗೆ ಸುತ್ತಿ ಸುತ್ತಿ ಕೊನೆಗೆ ಹುಡುಗನಿಗಿಂತ ರುಮಾಲೇ ದೊಡ್ಡದಾಗಿತ್ತು. ಅವ್ವನ ಬೆಂಡೋಲೆಗೆ ದಾರ ಕಟ್ಟಿ ಕಿವಿಗೆ ತೂಗಿಬಿಟ್ಟಿದ್ದರು. ಧೋತರಕ್ಕೆ ಪಿನ್ನು ಹಚ್ಚಿ ಮೇಲೆ ಗಟ್ಟಿಯಾಗಿ ಒಂದು ಟವೆಲ್ ಬಿಗಿದಿದ್ದರು. ಹಿಂದೆ ಅವನ ತಂಗಿ ಮಳೆಗಾಲದ ಕರಿ ಛತ್ರಿ ಹಿಡಿದು ನಿಂತಿದ್ದಳು, ಛತ್ರಿಯ ಒಂದು ಕಡ್ಡಿ ಮುರಿದಿತ್ತು. ಅವನ ಶಾಲೆಯ ಸರ್ ಮಕ್ಕಳನ್ನು ಸನ್ನತಿಗೆ ಕರೆದೊಯ್ದು ಕಲ್ಲು ತೋರಿಸಿದ್ದರಂತೆ. ನಾನು ಮುಂದೆ ಬಾಗಿ ಕೂತೆ. ಪಕ್ಕದ ನಿರ್ಣಾಯಕರು ನನ್ನ ಕಿವಿಯಲ್ಲಿ, “ಇವ ಯಾವ ರಾಜ ರೀ, ಕಿರೀಟಾನೇ ಇಲ್ಲ” ಅಂದರು. ಅದೇ ಸ್ಪರ್ಧೆಯಲ್ಲಿ ಮಖಮಲ್ಲಿನ ಚೀಲದ ಅಶೋಕನೂ ಇದ್ದ, ಗಡ್ಡ ಜಾರಿ ಕೊರಳಿಗೆ ಬಂದಿತ್ತು. ನಾವಿಬ್ಬರೂ ಚಹಾ ಆರುವ ತನಕ ವಾದ ಮಾಡಿದೆವು. ಕೊನೆಗೆ ನಮ್ಮ ಸನ್ನತಿ ಅಶೋಕನಿಗೆ ಎರಡನೆಯ ಬಹುಮಾನ, ಗಡ್ಡದ ಅಶೋಕನಿಗೆ ಮೂರನೆಯದು. ಮೊದಲನೆಯದು ಭಾಷಣ ಚೆನ್ನಾಗಿ ಹೇಳಿದ ಒಬ್ಬ ಸಾವಿತ್ರಿಬಾಯಿ ಫುಲೆಗೆ ಹೋಯಿತು, ಅದು ನ್ಯಾಯವೇ.

ಒಂದು ಮಾತು ಇಲ್ಲಿ ಸೇರಿಸಬೇಕು. ಕನಗನಹಳ್ಳಿಯ ಶಿಲ್ಪಿಯೂ ಅಶೋಕನನ್ನು ಕಂಡವನಲ್ಲ. ಅವನು ಸಾತವಾಹನರ ಕಾಲದವನು, ಅಶೋಕ ತೀರಿ ತಲೆಮಾರುಗಳೇ ಕಳೆದಿದ್ದವು. ತನ್ನ ಕಾಲದ ದೊರೆಗಳ ರುಮಾಲು, ಓಲೆ ನೋಡಿ ಅದನ್ನೇ ಅಶೋಕನಿಗೆ ತೊಡಿಸಿರಬೇಕು. ಅಂದರೆ ಕಲ್ಲಿನ ಅಶೋಕನದೂ ಇಸಿದುಕೊಂಡ ಬಟ್ಟೆಯೇ.

ಬಾಡಿಗೆ ಅಂಗಡಿಯಲ್ಲಿ ಎಂದೂ ಸಿಗದ ಇನ್ನೊಂದು ವೇಷ ನೋಡಿದ್ದು ನವೆಂಬರ್ 14ಕ್ಕೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮನ್ನಣೆ ಸಿಕ್ಕಿದ ಸುದ್ದಿಯನ್ನು ಯಾರೋ ಮಾಸ್ತರು ತರಗತಿಯಲ್ಲಿ ಹೇಳಿದ್ದರು, ಹುಡುಗನೊಬ್ಬ ತೊಗರಿ ಗಿಡವಾಗಿ ಬಂದ. ಆ ಹೊತ್ತಿಗೆ ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟು ಎಳೆ ಕಾಯಿ ಕಟ್ಟುತ್ತಿರುತ್ತದೆ. ಅವನ ಅಪ್ಪ ಬೆಳಿಗ್ಗೆ ಹೊಲಕ್ಕೆ ಹೋಗಿ ಟೊಂಗೆ ಮುರಿದು ತಂದು ಅಂಗಿಯ ತುಂಬ ಸುತಳಿಯಿಂದ ಕಟ್ಟಿದ್ದ. ಹುಡುಗ ಮೈಕಿನ ಮುಂದೆ ನಿಂತು “ನಾನು ಕಲಬುರಗಿಯ ತೊಗರಿ” ಎಂದು ಶುರುಮಾಡಿದವನು ಕತ್ತು ಕೆರೆದುಕೊಂಡ. ಎರಡನೆಯ ವಾಕ್ಯಕ್ಕೆ ಬೆನ್ನು ಕೆರೆದುಕೊಂಡ. ಹಸಿರು ಕೀಡೆಯೊಂದು ಕಾಲರಿನಿಂದ ಇಳಿದು ಮೈಕಿನ ವೈರು ಹಿಡಿದು ನಿಧಾನಕ್ಕೆ ಹೊರಟಿತು. ಮುಂದೆ ಕೂತ ರೈತರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಹಿಂದಿನಿಂದ ಒಬ್ಬರು, “ಎಣ್ಣಿ ಹೊಡಿಬೇಕಿತ್ತಪ!” ಎಂದು ಕೂಗಿದರು. ಆ ಹುಡುಗನ ಪಕ್ಕದಲ್ಲಿ ಫೋಮ್ ಶೀಟಿನ ಟೊಮೆಟೊ, ಫೋಮ್ ಶೀಟಿನ ಬದನೆಕಾಯಿ ನಿಂತಿದ್ದವು, ಅವುಗಳಿಗೆ ಕೀಡೆಯ ಕಾಟ ಇರಲಿಲ್ಲ.

ಚಿಂಚೋಳಿಯಲ್ಲಿ ನೌಕರಿ ಮಾಡುತ್ತಿದ್ದಾಗ ಕಂಡ ಒಂದು ಪ್ರಸಂಗ ಮಾತ್ರ ನನಗೆ ಸುಲಭಕ್ಕೆ ನಗು ತರಿಸುವುದಿಲ್ಲ. ಆ ತಾಲೂಕಿನಲ್ಲಿ ತಾಂಡಾಗಳು ಬಹಳ. ಪೇಟೆಯ ಹುಡುಗಿಯೊಬ್ಬಳು ಅಂಗಡಿಯಿಂದ ತಂದ ಲಂಬಾಣಿ ವೇಷ ಹಾಕಿದ್ದಳು. ಗುಲಾಬಿ ಸ್ಯಾಟಿನ್ ಬಟ್ಟೆ, ಪ್ಲಾಸ್ಟಿಕ್ ಕನ್ನಡಿ, ಗಾಳಿಗೆ ಹಾರುವಷ್ಟು ಹಗುರ. ಅದೇ ವೇದಿಕೆಯಲ್ಲಿ ತಾಂಡಾದ ಹುಡುಗಿ ಒನಕೆ ಓಬವ್ವನಾಗಿದ್ದಳು. ಅವಳ ಅಜ್ಜಿ ಮೈದಾನದ ಬೇವಿನ ಗಿಡದ ಕೆಳಗೆ ಕೂತಿದ್ದಳು. ಮೈಮೇಲೆ ಕನ್ನಡಿ, ಕವಡೆ, ನಾಣ್ಯ ಹಚ್ಚಿ ಕೈಯಲ್ಲೇ ಹೊಲಿದ ಪೇಟಿಯಾ, ಕಾಂಚಳಿ. ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ, ಆ ಪೇಟಿಯಾ ಎತ್ತಲು ಎರಡೂ ಕೈ ಬೇಕು. ಸ್ಯಾಟಿನ್ ಲಂಬಾಣಿ ಕುಣಿಯತೊಡಗಿದಾಗ ಅಜ್ಜಿ ಪಕ್ಕದವರನ್ನು “ಇದು ಯಾರ ವೇಷ?” ಎಂದು ಕೇಳಿದಳು. ಯಾರೂ ಹೇಳಲು ಮುಂದಾಗಲಿಲ್ಲ. ಕೊನೆಗೆ ಓಬವ್ವನೇ ಒನಕೆ ಹೆಗಲ ಮೇಲೆ ಇಟ್ಟುಕೊಂಡು ಬಂದು ಅವರ ಮಾತಿನಲ್ಲಿ ವಿವರಿಸಿದಳು. ಅಜ್ಜಿ ವೇದಿಕೆಯನ್ನೊಮ್ಮೆ, ತನ್ನ ಲಂಗವನ್ನೊಮ್ಮೆ ನೋಡಿಕೊಂಡಳು. ಆ ಪೇಟೆಯ ತಾಯಿಗೆ ತಾಂಡಾದವರೇ ನಿತ್ಯ ಹಾಲು ಹಾಕುತ್ತಿದ್ದರು. ಒಂದು ದಿನದ ಮಟ್ಟಿಗೆ ಸಣ್ಣದೊಂದು ಕಾಂಚಳಿ ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದರು. ಕೇಳಲು ಆಕೆಗೆ ಏನು ಅಡ್ಡ ಬಂತೋ ನನಗೆ ಗೊತ್ತು, ನಿಮಗೂ ಗೊತ್ತು. ಸ್ಯಾಟಿನ್ನಿಗೆ ಕೊಟ್ಟ ದುಡ್ಡಿನಲ್ಲಿ ಆ ಅಡ್ಡಿಯ ಬೆಲೆಯೂ ಸೇರಿದೆ.

ಇಸಿದುಕೊಂಡ ವೇಷಕ್ಕೂ ಅದರದೇ ರಗಳೆ ಇದೆ. ಕೊಟ್ಟವರು ದಿನಕ್ಕೆ ಎರಡು ಸಲ ನೆನಪಿಸುತ್ತಾರೆ. ಬೆಂಡೋಲೆಯ ತಿರುಪು ಕಳೆದರೆ ಎರಡು ಮನೆಗಳ ಮಾತು ಆರು ತಿಂಗಳು ನಿಂತಿರುತ್ತದೆ. ಮುತ್ಯಾನ ರುಮಾಲಿಗೆ ಬಣ್ಣ ಹತ್ತಿದ್ದಕ್ಕೆ ಮುತ್ಯಾ ಅದನ್ನು ಕಂಡಕಂಡವರಿಗೆ ತೋರಿಸಿ ಮೊಮ್ಮಗ ರಾಜನಾದ ಕಥೆ ಹೇಳುತ್ತಾನೆ, ಅಂಥವರೂ ಉಂಟು.

ನಮ್ಮ ಮನೆಯಲ್ಲಿ ನನ್ನವರ ಮದುವೆಯ ನೀಲಿ ಸೂಟು ಇದೆ. ವಾಡಿಯ ಸಿಮೆಂಟ್ ಕಾಲನಿಯ ಟೇಲರ್ ಒಬ್ಬರು ಹೊಲಿದದ್ದು, ಗಟ್ಟಿ ಬಟ್ಟೆ. ಹೊಟ್ಟೆ ಬಂದ ಮೇಲೆ ಅವರಿಗೆ ಅದು ಆಗುವುದಿಲ್ಲ. ಏಪ್ರಿಲ್ 14 ಹತ್ತಿರ ಬಂತೆಂದರೆ ಆ ಕೋಟು ಮನೆಯಲ್ಲಿ ನಿಲ್ಲುವುದೇ ಇಲ್ಲ. ತೋಳು ಮಡಚಿ ಒಳಗಿನಿಂದ ಟಾಕಿ ಹಾಕಿದರೆ ಹತ್ತು ವರ್ಷದ ಬಾಬಾಸಾಹೇಬರಿಗೂ ಸರಿಹೋಗುತ್ತದೆ, ಬಿಚ್ಚಿದರೆ ಕಾಲೇಜು ಹುಡುಗನಿಗೂ. ಮೊನ್ನೆ ಹಿಂದಿನ ಓಣಿಯ ಹುಡುಗಿಯೊಬ್ಬಳು ಬಂದು, “ಟೀಚರ್, ಕೋಟು ಬೇಕ್ರಿ” ಅಂದಳು. ಯಾರಿಗೆ ಎಂದು ಕೇಳಿದೆ. “ನನಗೇ. ಅಂಬೇಡ್ಕರ್ ನಾನೇ ಆಗ್ಲತ್ತೀನಿ.” ಅವಳ ಅವ್ವ ಹಿಂದೆ ನಿಂತು ಸಂಕೋಚದಿಂದ, ಬಾಡಿಗೆಗೆ ತರುತ್ತೇವೆ ಅಂದರೂ ಕೇಳುವುದಿಲ್ಲ, ಟೀಚರ್ ಮನೆಯದೇ ಬೇಕಂತೆ ಅಂದಳು. ಹೋದ ವರ್ಷ ಗೆದ್ದವನು ಅದನ್ನೇ ಹಾಕಿದ್ದನಂತೆ. ಕೋಟಿನ ಜೇಬಿಗೆ ಕೈ ಹಾಕಿ ನೋಡಿದರೆ ಒಳಗೆ ಯಾವ ಹುಡುಗನೋ ಬರೆದಿಟ್ಟುಕೊಂಡಿದ್ದ ಭಾಷಣದ ಚೀಟಿ, ಅರ್ಧ ತಿಂದ ಶೇಂಗಾ ಚಿಕ್ಕಿ. ಚೀಟಿಯನ್ನು ಹುಡುಗಿ ಬಿಡಿಸಿ ಓದಿ, “ಇದು ಬ್ಯಾಡ್ರಿ, ನಂದು ಬ್ಯಾರೆ ಅದ” ಎಂದು ನನಗೇ ವಾಪಸು ಕೊಟ್ಟಳು. ಚಿಕ್ಕಿಯ ಬಗ್ಗೆ ಏನೂ ಹೇಳಲಿಲ್ಲ. ಕೋಟಿಗೆ ಈಗ ಎರಡು ಗುಂಡಿ ಇಲ್ಲ, ಕೆಂಪು ಟೈ ಮಾತ್ರ ನಮ್ಮದಲ್ಲ, ಅದು ಯಾರದೋ ಬಂದು ಸೇರಿಕೊಂಡಿದೆ.